ಪಟ್ಟಿಯಲ್ಲಿ ಅತ್ತೆ ತೀರಿಕೊಂಡಿದ್ದರು

ಇಸ್ತ್ರಿಯಕ್ಕನ ಮನೆಯಲ್ಲಿ ಐದು ಓಟು. ಅತ್ತೆಯದೊಂದು, ಅವಳದೊಂದು, ಗಂಡನದೊಂದು, ಮಗನದೊಂದು, ಸೊಸೆಯದೊಂದು. ಚುನಾವಣೆ ಬಂತೆಂದರೆ ಕೈಮುಗಿದುಕೊಂಡು ಬಾಗಿಲಿಗೆ ಬರುವವರಿಗೆಲ್ಲ ಈ ಲೆಕ್ಕ ಬಾಯಿಪಾಠವಾಗಿತ್ತು. ಅವಳು ಮಾತ್ರ ಅದನ್ನು ಎಂದೂ ಎಣಿಸಿದವಳಲ್ಲ. ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿ ಹತ್ತೊಂಬತ್ತು ವರ್ಷದಿಂದ ಅವಳಿಗೆ ಹಾಸಿಗೆ ಬಟ್ಟೆ ಇಸ್ತ್ರಿ ಮಾಡುವ ಕೆಲಸ. ಹಬೆ ಕಾರುವ ಯಂತ್ರದ ಮುಂದೆ ಎಂಟು ಗಂಟೆ ನಿಂತು ಮನೆಗೆ ಬರುವಷ್ಟರಲ್ಲಿ ಪಾದಗಳು ಊದಿ ಚಪ್ಪಲಿ ಬಿಗಿಯಾಗಿರುತ್ತಿತ್ತು. ಓಟಿನ ದಿನ ಸಾಲಿನಲ್ಲಿ ನಿಂತು ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಬರುವುದು, ಆಮೇಲೆ ಐದು ವರ್ಷ ಮರೆಯುವುದು, ಅಷ್ಟೇ.

ಅವರ ವಾರ್ಡಿನಲ್ಲಿ ಮೊದಲು ನೂಲಿನ ಗಿರಣಿ ಇತ್ತು. ಅದು ಮುಚ್ಚಿದ ಮೇಲೆ ಗಂಡಸರು ರಸ್ತೆ ಕೆಲಸಕ್ಕೆ, ಬಂದರಿನ ಕೆಲಸಕ್ಕೆ ಅಂತ ದೂರ ದೂರ ಹೋದರು. ಹೆಂಗಸರು ಉಳಿದರು. ಆಸ್ಪತ್ರೆ ದೊಡ್ಡದಾಯಿತು, ಮಾತ್ರೆ ಪ್ಯಾಕ್ ಮಾಡುವ ಶೆಡ್ಡುಗಳು ಎದ್ದವು, ಆ ಕೆಲಸಕ್ಕೆ ಇನ್ನಷ್ಟು ಹೆಂಗಸರು ಬಂದು ಬಾಡಿಗೆ ಮನೆ ಹಿಡಿದರು. ಹತ್ತು ವರ್ಷದಲ್ಲಿ ಮತದಾರರ ಪಟ್ಟಿ ತಲೆಕೆಳಗಾಯಿತು. ಒಂದು ಕಾಲಕ್ಕೆ ಗಂಡಸರೇ ಹೆಚ್ಚಿದ್ದ ಪಟ್ಟಿಯಲ್ಲಿ ಈಗ ಹೆಂಗಸರು ಮುನ್ನೂರು ಜನ ಹೆಚ್ಚು. ಕಳೆದ ಚುನಾವಣೆಯಲ್ಲಿ ಅವರು ಕೇಳಿದ್ದು ಎರಡೇ ಮಾತು: ಪಾಳಿ ಮುಗಿಸಿ ಬರುವ ದಾರಿಗೆ ದೀಪ, ಮಾರುಕಟ್ಟೆಯ ಹತ್ತಿರ ಹೆಂಗಸರಿಗೊಂದು ಶೌಚಾಲಯ. ಮಾಡಿಸುತ್ತೇನೆಂದ ಟೈಲರಮ್ಮ ಗೆದ್ದಳು, ಗೆದ್ದು ಮಾಡಿಸಿಯೂ ಮಾಡಿಸಿದಳು. ಮೂರು ಸಲ ಗೆದ್ದು ವಾರ್ಡನ್ನು ತನ್ನ ಹಿತ್ತಿಲು ಅಂದುಕೊಂಡಿದ್ದ ಕಾಂಟ್ರಾಕ್ಟರ್ ಸೋತ.

ಸೋತವನು ಸುಮ್ಮನೆ ಕೂರಲಿಲ್ಲ. ಅದು ಇಸ್ತ್ರಿಯಕ್ಕನಿಗೆ ತಿಳಿದದ್ದು ಒಂದು ಸೋಮವಾರ ಮಧ್ಯಾಹ್ನ, ವಾರ್ಡಿನ ಗ್ರಂಥಾಲಯದ ಮುಂದೆ.

ಗ್ರಂಥಾಲಯದ ಗುಮಾಸ್ತೆಯನ್ನು ಎಲ್ಲರೂ ಪುಸ್ತಕದಕ್ಕ ಅನ್ನುತ್ತಿದ್ದರು. ಮತದಾರರ ಹೊಸ ಕರಡು ಪಟ್ಟಿ ಬಂದರೆ ಹೊರಗಿನ ಹಲಗೆಗೆ ಅಂಟಿಸುವುದು ಅವಳ ಕೆಲಸ. ಅಂಟಿಸುವವರು ಸಾಮಾನ್ಯವಾಗಿ ಓದುವುದಿಲ್ಲ. ಇವಳು ಓದಿದ್ದಳು. ಮೊದಲ ಪಾಳಿ ಮುಗಿಸಿ ಹೋಗುತ್ತಿದ್ದ ಇಸ್ತ್ರಿಯಕ್ಕನನ್ನು ಕರೆದು, ನಿಮ್ಮತ್ತೆ ಹೇಗಿದ್ದಾರೆ ಅಂತ ಕೇಳಿದಳು.

"ಬೆಳಿಗ್ಗೆ ನನ್ನ ಹತ್ರ ಜಗಳ ಆಡಿದ್ರು. ಅಂದ್ರೆ ಚೆನ್ನಾಗಿದ್ದಾರೆ."

"ಇಲ್ಲಿ ತೀರಿಕೊಂಡಿದ್ದಾರೆ," ಅಂದಳು ಪುಸ್ತಕದಕ್ಕ.

ಹಲಗೆಯ ಬಲಗಡೆ ಕೈಬಿಟ್ಟ ಹೆಸರುಗಳ ಹಾಳೆಗಳಿದ್ದವು. ಒಂದೊಂದು ಹೆಸರಿನ ಮುಂದೆ ಒಂದೊಂದು ಕಾರಣ. ಇಸ್ತ್ರಿಯಕ್ಕನ ಮನೆ ನಂಬರಿನ ಎದುರು ಮೂರು ಹೆಸರು ಹೋಗಿದ್ದವು. ಅತ್ತೆ: ಮೃತ. ಇಸ್ತ್ರಿಯಕ್ಕ: ಸ್ಥಳಾಂತರ, ಅಂದರೆ ಈ ಮನೆ ಬಿಟ್ಟು ಬೇರೆಡೆಗೆ ಹೋದವಳು. ಸೊಸೆ: ಹೆಸರು ಹೊಂದಿಕೆಯಾಗುವುದಿಲ್ಲ. ಸೊಸೆಯ ಹಳೆಯ ಕಾಗದದಲ್ಲಿ ಅಪ್ಪನ ಹೆಸರಿತ್ತು, ಹೊಸ ಕಾಗದದಲ್ಲಿ ಗಂಡನ ಹೆಸರು. ತವರಿನ ಪಟ್ಟಿಯಿಂದ ಮದುವೆಯಾದ ವರ್ಷವೇ ತೆಗೆದಿದ್ದರು. ಈಗ ಇಲ್ಲಿಂದಲೂ ತೆಗೆದರೆ ಅವಳು ಈ ದೇಶದ ಯಾವ ಪಟ್ಟಿಯಲ್ಲೂ ಇಲ್ಲ.

ಉಳಿದವರು ಇಬ್ಬರು. ಗಂಡ ಮತ್ತು ಮಗ. ಮಗ ಟಾರು ಹಾಕುವ ಕಂಪನಿಯ ಜೊತೆ ಹೋಗಿ ಹನ್ನೊಂದು ತಿಂಗಳಾಗಿತ್ತು. ಮನೆಯಲ್ಲಿ ಇಲ್ಲದವನು ಪಟ್ಟಿಯಲ್ಲಿದ್ದ. ಮದುವೆಯಾಗಿ ಬಂದ ಮೇಲೆ ಮೂರು ದಿನವೂ ಆ ಮನೆ ಬಿಟ್ಟಿರದವಳು ಊರು ಬಿಟ್ಟಿದ್ದಳು.

ಆದರೂ ಇಸ್ತ್ರಿಯಕ್ಕನಿಗೆ ಆ ಕ್ಷಣಕ್ಕೆ ಸಿಟ್ಟು ಬರಲಿಲ್ಲ. ನಿಂತು ನಿಂತು ಕಾಲು ಸೋತಿದ್ದವು. ಸರ್ಕಾರದ ಕಾಗದದಲ್ಲಿ ತಪ್ಪು ಇರುವುದು ಅವಳಿಗೆ ಹೊಸದಲ್ಲ. ಯಾರೋ ಕೈತಪ್ಪಿ ಬರೆದಿರಬೇಕು, ಹೋಗಲಿ ಬಿಡಿ, ನಾವು ಓಟು ಹಾಕಿ ಯಾವ ಅರಮನೆ ಕಟ್ಟಿಕೊಂಡಿದ್ದೇವೆ ಅಂದಳು.

ಪುಸ್ತಕದಕ್ಕ ಬಿಡಲಿಲ್ಲ. ಎರಡು ದಿನ ಕೂತು ಎಣಿಸಿದ್ದಾಗಿ ಹೇಳಿದಳು. ವಾರ್ಡಿನಲ್ಲಿ ಒಟ್ಟು ಇನ್ನೂರ ಇಪ್ಪತ್ತಾರು ಹೆಸರು ತೆಗೆದಿದ್ದಾರೆ. ಅದರಲ್ಲಿ ಗಂಡಸರು ಒಂಬತ್ತು. ಉಳಿದ ಇನ್ನೂರ ಹದಿನೇಳೂ ಹೆಂಗಸರು.

"ಕೈ ತಪ್ಪಿದ್ರೆ ಎರಡೂ ಕಡೆ ತಪ್ಪಬೇಕಲ್ವಾ ಅಕ್ಕಾ? ಈ ಕೈ ಬರೀ ಹೆಂಗಸರ ಮೇಲೇ ಯಾಕೆ ತಪ್ಪುತ್ತೆ?"

 ಮನೆಯ ದಾರಿಯುದ್ದಕ್ಕೂ ಆ ಪ್ರಶ್ನೆ ಇಸ್ತ್ರಿಯಕ್ಕನ ಹಿಂದೆಯೇ ಬಂತು.

ಮನೆಯಲ್ಲಿ ಹೇಳಿದಾಗ ಗಂಡ ನಕ್ಕ. ಅವನದು ಮುಖ್ಯರಸ್ತೆಯಲ್ಲಿ ಲಾರಿ ಟೈರಿಗೆ ಪಂಕ್ಚರ್ ಹಾಕುವ ಅಂಗಡಿ. ಒಳ್ಳೆಯವನೇ, ಕೈ ಎತ್ತಿದವನಲ್ಲ, ಕುಡಿದವನಲ್ಲ. ನಂದೂ ಮಗಂದೂ ಇದೆಯಲ್ಲ, ಒಂದು ಮನೆಗೆ ಎರಡು ಸಾಲದೇ ಅಂದ. ಹಾಗಾದರೆ ಊಟವೂ ಎರಡು ತಟ್ಟೆ ಸಾಕಾ ಅಂತ ಸೊಸೆ ಒಳಗಿಂದ ಕೇಳಿದಳು. ಅವನಿಗೆ ಕೇಳಿಸಲಿಲ್ಲವೋ, ಕೇಳಿಸದ ಹಾಗೆ ಇದ್ದನೋ. ಎಂಬತ್ತೊಂದು ವರ್ಷದ ಅತ್ತೆ ಮಾತ್ರ ಮಗನನ್ನೇ ನೋಡುತ್ತ ಕೂತಿದ್ದರು. ಅವರು ಮೂವತ್ತು ವರ್ಷ ಪುರಸಭೆಯಲ್ಲಿ ಬೀದಿ ಗುಡಿಸಿದವರು. ಒಂದು ಚುನಾವಣೆಯನ್ನೂ ತಪ್ಪಿಸಿದವರಲ್ಲ. ತಮ್ಮ ಸಾವಿನ ಸುದ್ದಿಯನ್ನು ಅವರು ಎರಡು ಸಲ ಕೇಳಿ ಹೇಳಿಸಿಕೊಂಡರು.

ಮಾರನೆಯ ದಿನ ಪಾಳಿ ಮುಗಿದ ಮೇಲೆ ಪುಸ್ತಕದಕ್ಕನ ಜೊತೆ ಇಸ್ತ್ರಿಯಕ್ಕ ವಾರ್ಡ್ ಕಚೇರಿಗೆ ಹೋದಳು. ಹೆಸರು ತೆಗೆಯಬೇಕಾದರೆ ಯಾರಾದರೂ ಆಕ್ಷೇಪಣೆ ಬರೆದುಕೊಟ್ಟಿರಬೇಕು, ಅದನ್ನು ನೋಡುವ ಹಕ್ಕು ನಮಗಿದೆ ಅಂತ ಪುಸ್ತಕದಕ್ಕ ದಾರಿಯಲ್ಲಿ ತಿಳಿಸಿದ್ದಳು. ನೋಂದಣಿ ಅಧಿಕಾರಿ ಮೊದಲು ನಾಳೆ ಬನ್ನಿ ಅಂದ. ಆಮೇಲೆ ಸಾಹೇಬರಿಲ್ಲ ಅಂದ. ಸಾಹೇಬ ಅವನೇ ಅಂತ ಗೋಡೆಯ ಮೇಲಿನ ಬೋರ್ಡು ಹೇಳುತ್ತಿತ್ತು. ಹಾಗಾದರೆ ಕೊಡುವುದಿಲ್ಲ ಅಂತ ಬರೆದು ಸೀಲು ಹಾಕಿ ಕೊಡಿ ಎಂದು ಪುಸ್ತಕದಕ್ಕ ಕೇಳಿದ ಮೇಲೆ ಆಕ್ಷೇಪಣೆ ಅರ್ಜಿಗಳ ಕಟ್ಟು ಹೊರಗೆ ಬಂತು.

ಇಸ್ತ್ರಿಯಕ್ಕ ಏಳನೇ ತರಗತಿವರೆಗೆ ಓದಿದವಳು. ಅತ್ತೆಯ ಹೆಸರಿನದನ್ನು ನಿಧಾನವಾಗಿ ಓದಿದಳು. "ಮೇಲ್ಕಂಡ ವ್ಯಕ್ತಿಯು ಮೃತಪಟ್ಟಿರುವುದನ್ನು ನಾನು ಖುದ್ದಾಗಿ ಬಲ್ಲೆ." ಕೆಳಗೆ ಸಹಿ. ಮೊದಲ ಅಕ್ಷರಕ್ಕೆ ಒಂದು ಉದ್ದನೆಯ ಬಾಲ, ಕೊನೆಗೆ ಎರಡು ಚುಕ್ಕೆ. ಮಗನ ಶಾಲೆಯ ಅಂಕಪಟ್ಟಿಯ ಮೇಲೆ, ಮದುವೆಯ ಕಾಗದದ ಮೇಲೆ, ಗ್ಯಾಸಿನ ಪುಸ್ತಕದ ಮೇಲೆ ಅವಳು ನೋಡಿದ್ದ ಸಹಿ. ಅವಳದೇ ಹೆಸರಿನ ಅರ್ಜಿಯ ಕೆಳಗೂ ಅದೇ. ಸೊಸೆಯದಕ್ಕೂ ಅದೇ.

ಅಧಿಕಾರಿಗೆ ಈಗ ಧೈರ್ಯ ಬಂದಿತ್ತು. "ಮನೆ ಯಜಮಾನರೇ ಬರೆದುಕೊಟ್ಟ ಮೇಲೆ ನಾವು ವಿಚಾರಿಸೋದೇನಿದೆಯಮ್ಮಾ?"

ಮನೆಗೆ ಬಂದು ಒಂದು ಮಾತು ಕೇಳುವುದಿತ್ತು, ಒಂದು ಸಲ ಬಾಗಿಲು ತಟ್ಟುವುದಿತ್ತು. ಮೂವರು ಹೆಂಗಸರು ಬದುಕಿದ್ದಾರೋ ಇಲ್ಲವೋ ಅಂತ ತಿಳಿಯಲು ಒಬ್ಬ ಗಂಡಸಿನ ಸಹಿ ಸಾಕಾಗಿತ್ತು ಇವನಿಗೆ. ಇಸ್ತ್ರಿಯಕ್ಕನ ಕಿವಿ ಬಿಸಿಯಾಯಿತು. ಹಬೆ ಯಂತ್ರದ ಮುಂದೆ ಹತ್ತೊಂಬತ್ತು ವರ್ಷ ನಿಂತರೂ ಅಂಥ ಉರಿ ಅವಳು ಕಂಡಿರಲಿಲ್ಲ. ನಕಲು ತೆಗೆಸಿಕೊಂಡಳು. ನೇರವಾಗಿ ಪಂಕ್ಚರ್ ಅಂಗಡಿಗೆ ನಡೆದಳು.

ಅಂಗಡಿಯ ಮುಂದೆ ನಾಲ್ಕು ಜನ ಗಂಡಸರು ಹಳೆಯ ಟೈರುಗಳ ಮೇಲೆ ಕೂತು ಟೀ ಕುಡಿಯುತ್ತಿದ್ದರು. ಗಂಡ ನೀರಿನ ತೊಟ್ಟಿಯಲ್ಲಿ ಟ್ಯೂಬು ಮುಳುಗಿಸಿ ಗುಳ್ಳೆ ಎಲ್ಲಿ ಬರುತ್ತದೆಂದು ಹುಡುಕುತ್ತಿದ್ದ. ಅವಳು ಕಾಗದವನ್ನು ಅವನ ಮುಂದೆ ಹಿಡಿದಳು.

"ಓದಿ."

"ಏನೇ ಇದು, ಇಲ್ಲಿ..."

"ಇಲ್ಲೇ ಓದಿ. ಇವರೆಲ್ಲ ಕೇಳಲಿ."

ಅವನು ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಓದತೊಡಗಿದ. ಅಮ್ಮನ ಹೆಸರು ಬಂದಾಗ ದನಿ ಸಣ್ಣದಾಯಿತು. 'ಮೃತಪಟ್ಟಿರುವುದನ್ನು' ಅನ್ನುವಲ್ಲಿ ನಿಂತೇ ಹೋಯಿತು. ಟೀ ಕುಡಿಯುತ್ತಿದ್ದವರು ಲೋಟ ಕೆಳಗಿಟ್ಟರು.

ಎರಡು ತಿಂಗಳ ಹಿಂದೆ ಕಾಂಟ್ರಾಕ್ಟರನ ಕಡೆಯವನೊಬ್ಬ ಬಂದಿದ್ದನಂತೆ. ಮೋರಿ ದುರಸ್ತಿಗೆ ಅರ್ಜಿ ಕೊಡಬೇಕು, ಮನೆ ಯಜಮಾನರ ಸಹಿ ಬೇಕು ಅಂದನಂತೆ. ಫಾರಂ ಖಾಲಿ ಇತ್ತಂತೆ. ಕೈಗೆ ಗ್ರೀಸು ಮೆತ್ತಿತ್ತು, ಲಾರಿ ಕಾಯುತ್ತಿತ್ತು, ಮೂರು ಕಡೆ ಸಹಿ ಹಾಕಿ ಕೊಟ್ಟುಬಿಟ್ಟೆ ಅಂದ. ಟೈರಿನ ಮೇಲೆ ಕೂತಿದ್ದವರಲ್ಲಿ ಇಬ್ಬರು ತಲೆ ತಗ್ಗಿಸಿದರು. ಅವರೂ ಹಾಕಿದ್ದರು.

"ಒಂದು ಟೈರಿಗೆ ತೇಪೆ ಹಾಕೋಕೆ ಮೂರು ಸಲ ಹಿಂದೆ ಮುಂದೆ ನೋಡ್ತೀರಿ," ಅಂದಳು ಇಸ್ತ್ರಿಯಕ್ಕ. "ನಿಮ್ಮಮ್ಮನ್ನ ಸಾಯಿಸೋಕೆ ಒಂದು ಸಲವೂ ನೋಡಲಿಲ್ಲ. ನಾನು ಎಲ್ಲಿಗೆ ಹೋಗಿದ್ದೀನಿ ಅಂತ ಸಹಿ ಹಾಕಿದ್ರಿ? ನಿನ್ನೆ ನಿಮಗೆ ಅನ್ನ ಬಡಿಸಿದ್ದು ಯಾರು?"

 

ಸಂಜೆ ಅವನು ಅಮ್ಮನ ಮುಂದೆ ಕೂತು ಎಲ್ಲ ಹೇಳಿದ. ಅತ್ತೆ ಬೈಯುತ್ತಾರೆಂದು ಎಲ್ಲರೂ ಕಾದರು. ಅವರು ಬೈಯಲಿಲ್ಲ. ನಿಧಾನವಾಗಿ ಇಷ್ಟೇ ಅಂದರು: "ನಿನ್ನ ಹೆತ್ತಾಗ ಸತ್ತೇ ಹೋಗ್ತೀನಿ ಅಂದುಕೊಂಡಿದ್ದೆ ಕಣೋ. ಆಗ ಸಾಯಲಿಲ್ಲ. ನೀನು ಟೀ ಕುಡಿಯೋ ಹೊತ್ತಲ್ಲಿ ಸಾಯಿಸಿಬಿಟ್ಟೆ." ಆ ರಾತ್ರಿ ಅವನು ಊಟ ಮಾಡಲಿಲ್ಲ. ಯಾರೂ ಬಲವಂತ ಮಾಡಲೂ ಇಲ್ಲ.

ಪಟ್ಟಿ ಗಟ್ಟಿಯಾಗುವ ಮೊದಲು ಹೆಸರು ವಾಪಸು ಸೇರಿಸಲು ಇನ್ನು ಒಂಬತ್ತು ದಿನವಿತ್ತು. ಅದೂ ಖುದ್ದಾಗಿ ಬರಬೇಕು, ಹತ್ತರಿಂದ ನಾಲ್ಕರ ಒಳಗೆ. ಹತ್ತರಿಂದ ನಾಲ್ಕರವರೆಗೆ ಈ ಹೆಂಗಸರೆಲ್ಲ ಎಲ್ಲಿರುತ್ತಾರೆ? ಲಾಂಡ್ರಿಯಲ್ಲಿ, ಪ್ಯಾಕಿಂಗ್ ಶೆಡ್ಡಿನಲ್ಲಿ, ಯಾರದೋ ಮನೆಯ ಪಾತ್ರೆಗಳ ಮುಂದೆ. ಆ ಸಮಯ ಗೊತ್ತು ಮಾಡಿದವನಿಗೆ ಇದು ಗೊತ್ತಿರಲಿಲ್ಲ ಅಂತ ಇಸ್ತ್ರಿಯಕ್ಕ ಒಪ್ಪಲೇ ಇಲ್ಲ.

ಅವಳು ಮತ್ತು ಪುಸ್ತಕದಕ್ಕ ಹೆಸರುಗಳನ್ನು ಬೀದಿಯ ಪ್ರಕಾರ ಬರೆದುಕೊಂಡು ಮನೆ ಮನೆ ಹತ್ತಿದರು. ಲಾಂಡ್ರಿಯಲ್ಲಿ ಪಾಳಿ ಅದಲುಬದಲು ಮಾಡಿಕೊಂಡು ದಿನಕ್ಕೆ ಆರು ಜನ ಹೋಗುವುದೆಂದಾಯಿತು. ಮೇಲ್ವಿಚಾರಕಿ ಮೊದಲು ಆಗುವುದಿಲ್ಲ ಅಂದಳು. ಕೈಬಿಟ್ಟವರ ಹಾಳೆಯಲ್ಲಿ ಅವಳ ಹೆಸರನ್ನೂ ತೋರಿಸಿದ ಮೇಲೆ ಮೊದಲ ಗುಂಪಿನಲ್ಲಿ ಅವಳೇ ಹೊರಟಳು.

ಮೂರನೆಯ ದಿನ ಇಸ್ತ್ರಿಯಕ್ಕ ತನ್ನ ಮನೆಯವರನ್ನು ಕರೆದುಕೊಂಡು ಹೋದಳು. ಅತ್ತೆ ರಿಕ್ಷಾ ಬೇಡವೆಂದು ಮೊಮ್ಮಗನ ಹೆಂಡತಿಯ ಭುಜ ಹಿಡಿದು ನಡೆದೇ ಬಂದರು. ಸತ್ತವಳು ನಡೆದು ಬರುವುದನ್ನು ನಾಲ್ಕು ಜನ ನೋಡಲಿ ಅಂದರು.

ಅಧಿಕಾರಿ ಕಾಗದ ತಿರುಗಿಸಿ, ಇವರು ಮೃತ ಅಂತ ದಾಖಲಾಗಿದೆ, ಜೀವಂತ ಇರುವುದಕ್ಕೆ ದಾಖಲೆ ಬೇಕು ಅಂದ. ಅವನ ಮುಂದೆ ಒಂದು ಮೊಳ ದೂರದಲ್ಲಿ ಅತ್ತೆ ಕೂತು ಉಸಿರಾಡುತ್ತಿದ್ದರು. ಸಾಲಿನಲ್ಲಿದ್ದ ಹೆಂಗಸರು ನಕ್ಕರು. ಆದರೆ ಅದು ನಗುವ ಮಾತಾಗಿರಲಿಲ್ಲ. ಸಾಯಿಸಲು ಯಾವ ದಾಖಲೆಯನ್ನೂ ಕೇಳದವನು ಬದುಕಿಸಲು ಕೇಳುತ್ತಿದ್ದ. ಅತ್ತೆ ಸೆರಗಿನ ಗಂಟಿನಿಂದ ಮಡಿಸಿದ ಕಾಗದವೊಂದನ್ನು ತೆಗೆದರು. ಪಿಂಚಣಿಗಾಗಿ ವರ್ಷಕ್ಕೊಮ್ಮೆ ಬದುಕಿದ್ದೇನೆ ಅಂತ ಹೆಬ್ಬೆಟ್ಟು ಒತ್ತಿ ಪಡೆಯುವ ಪತ್ರ. ಮೂರು ತಿಂಗಳ ಹಿಂದಿನದು. ಅದರ ಮೇಲಿದ್ದ ಸೀಲು ಇದೇ ಕಚೇರಿಯದು, ಸಹಿ ಇದೇ ಅಧಿಕಾರಿಯದು.

"ಓದಪ್ಪಾ," ಅಂದರು ಅತ್ತೆ. "ನೀನೂ ಓದದೇ ಸಹಿ ಹಾಕೋನೇ ಏನು?"

ಅವನು ಕಮಕ್ ಕಿಮಕ್ ಅನ್ನದೆ ಬರೆದುಕೊಂಡ. ಸೊಸೆಯ ಸರದಿ ಬಂದಾಗ ಮಾತ್ರ ಮತ್ತೆ ಬಿಗುವಾದ. ಹೆಸರು ಬೇರೆಯಾಗಿದೆ, ಗಂಡನನ್ನು ಕರೆದುಕೊಂಡು ಬನ್ನಿ, ಅವರು ಒಪ್ಪಿಗೆ ಬರೆದುಕೊಡಲಿ ಅಂದ. ಅವಳ ಗಂಡ ಊರು ಬಿಟ್ಟು ಹನ್ನೊಂದು ತಿಂಗಳಾಗಿತ್ತು. ಹುಡುಗಿ ಮೇಜಿನ ಮೇಲೆ ಕೈ ಊರಿದಳು.

"ನನ್ನ ಓಟಿಗೆ ನನ್ನ ಗಂಡನ ಒಪ್ಪಿಗೆ ಬೇಕು ಅಂತ ಯಾವ ನಿಯಮದಲ್ಲಿದೆ? ಆ ನಿಯಮದ ನಂಬರು ಬರೆದುಕೊಡಿ ಸಾರ್. ನಾನು ಕಾಯ್ತೀನಿ."

ಅಂಥ ನಿಯಮ ಇರಲಿಲ್ಲ. ಇಲ್ಲದ ನಿಯಮಕ್ಕೆ ನಂಬರು ಎಲ್ಲಿಂದ ಬರಬೇಕು? ಅವಳು ಮದುವೆ ನೋಂದಣಿ ಪತ್ರವನ್ನೂ ಶಾಲೆಯ ಪತ್ರವನ್ನೂ ಪಕ್ಕಪಕ್ಕ ಇಟ್ಟಳು. ಎರಡೂ ಹೆಸರು ಒಬ್ಬಳದೇ ಅನ್ನುವುದು ಕಣ್ಣಿದ್ದವರಿಗೆ ಕಾಣುವಂತಿತ್ತು. ಅರ್ಜಿ ಹೋಯಿತು. ಪುಸ್ತಕದಕ್ಕ ಹೇಳಿಕೊಟ್ಟಿದ್ದಂತೆ ಮೂವರೂ ದಿನಾಂಕವಿದ್ದ ರಸೀದಿ ಕೈಗೆ ಬರುವ ತನಕ ಕುರ್ಚಿ ಬಿಟ್ಟು ಏಳಲಿಲ್ಲ.

ಆಗ ಹಿಂದೆ ನಿಂತಿದ್ದ ಇಸ್ತ್ರಿಯಕ್ಕನ ಗಂಡ ಮುಂದೆ ಬಂದ. ಖಾಲಿ ಫಾರಮ್ಮಿಗೆ ಸಹಿ ಹಾಕಿಸಿಕೊಂಡು ಆಮೇಲೆ ಸುಳ್ಳು ತುಂಬಿದ್ದಾರೆ, ಯಾರು ಹಾಕಿಸಿಕೊಂಡರು ಅಂತ ಹೆಸರು ಸಮೇತ ಹೇಳುತ್ತೇನೆ, ಬರೆದುಕೊಳ್ಳಿ ಅಂದ. ಅವನ ಹಿಂದೆ ಟೀ ಕುಡಿಯುತ್ತಿದ್ದ ಆ ಇಬ್ಬರೂ ನಿಂತರು. ನಾಚಿಕೆಯಿಂದ ಅವನ ಮುಖ ಕಪ್ಪಿಟ್ಟಿತ್ತು. ಇಸ್ತ್ರಿಯಕ್ಕನಿಗೆ ಅವನ ಮೇಲಿನ ಸಿಟ್ಟು ಅರ್ಧ ಇಳಿಯಿತು. ಇನ್ನರ್ಧ ಇಳಿಯಲಿಲ್ಲ, ಅದನ್ನು ಅವಳು ಮುಚ್ಚಿಡಲೂ ಇಲ್ಲ.

ಒಂಬತ್ತು ದಿನ ಮುಗಿದಾಗ ಇನ್ನೂರ ಹದಿನೇಳರಲ್ಲಿ ನೂರ ಎಪ್ಪತ್ತಾರು ಹೆಂಗಸರ ಹೆಸರು ಪಟ್ಟಿಗೆ ಮರಳಿತ್ತು. ನಲವತ್ತೊಂದು ಮರಳಲಿಲ್ಲ. ಅವರಲ್ಲಿ ಮಾತ್ರೆ ಪ್ಯಾಕ್ ಮಾಡುವವಳೊಬ್ಬಳು ಆ ವಾರವೇ ಹೆತ್ತು ಮಲಗಿದ್ದಳು. ಕೆಲವರಿಗೆ ಒಂದು ದಿನದ ರಜೆ ಸಿಗಲಿಲ್ಲ. ಇಬ್ಬರನ್ನು ಗಂಡಂದಿರು ಹೊಸಿಲು ದಾಟಲು ಬಿಡಲಿಲ್ಲ. ಉಳಿದ ಹೆಚ್ಚಿನವರು ಅಂದದ್ದು ಒಂದೇ: ನನ್ನದೊಂದು ಓಟಿನಿಂದ ಏನಾಗುತ್ತೆ ಬಿಡಿ.

ಚುನಾವಣೆ ನಡೆಯಿತು. ಅತ್ತೆ ಬೆಳಿಗ್ಗೆ ಏಳಕ್ಕೆ ಸಾಲಿನಲ್ಲಿ ಮೊದಲು ನಿಂತು ಓಟು ಹಾಕಿದರು. ಸೊಸೆ ಹಾಕಿದಳು, ಇಸ್ತ್ರಿಯಕ್ಕ ಹಾಕಿದಳು. ಎಣಿಕೆಯ ದಿನ ಕಾಂಟ್ರಾಕ್ಟರ್ ಗೆದ್ದ, ಟೈಲರಮ್ಮ ಸೋತಳು.

ಇಪ್ಪತ್ತಮೂರು ಓಟಿನಿಂದ.

ಸುದ್ದಿ ಲಾಂಡ್ರಿಗೆ ಬಂದಾಗ ಎಲ್ಲರೂ ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಇಪ್ಪತ್ತಮೂರು. ಹೊರಗುಳಿದವರು ನಲವತ್ತೊಂದು. ಅವರೆಲ್ಲ ಟೈಲರಮ್ಮನಿಗೇ ಹಾಕುತ್ತಿದ್ದರು ಅಂತ ಯಾರು ಹೇಳಬಲ್ಲರು? ಕಾಂಟ್ರಾಕ್ಟರನಿಗೂ ಹಾಕಬಹುದಿತ್ತು, ಅದು ಅವರವರ ಇಷ್ಟ. ಆ ಇಷ್ಟವನ್ನೇ ಅಲ್ಲವೇ ಕಿತ್ತುಕೊಂಡದ್ದು? ಇಸ್ತ್ರಿಯಕ್ಕ ಕೈಯಲ್ಲಿದ್ದ ಹಾಸಿಗೆ ಬಟ್ಟೆಯನ್ನು ಎರಡು ಸಲ ಮಡಿಸಿ, ಎರಡು ಸಲ ಬಿಚ್ಚಿ, ಮೂರನೆಯ ಸಲ ಮೇಜಿನ ಮೇಲೆ ಬಡಿದಳು.

ಸುಳ್ಳು ಅರ್ಜಿಗಳ ಮೇಲೆ ಈಗ ದೂರು ದಾಖಲಾಗಿದೆ. ಗಂಡ ಸಾಕ್ಷಿ ಹೇಳಲು ಎರಡು ಸಲ ಅಂಗಡಿ ಮುಚ್ಚಿ ಹೋಗಿಬಂದಿದ್ದಾನೆ, ಮುಂದಿನ ಸಲವೂ ಹೋಗುತ್ತಾನೆ. ಇಸ್ತ್ರಿಯಕ್ಕ ವಾರದ ರಜೆಯಲ್ಲಿ ಪ್ಯಾಕಿಂಗ್ ಶೆಡ್ಡಿನ ಬೀದಿಗಳನ್ನು ಸುತ್ತುತ್ತಾಳೆ. ನಲವತ್ತೊಂದರಲ್ಲಿ ಇಪ್ಪತ್ತೆಂಟು ಜನರ ಅರ್ಜಿ ಈಗಾಗಲೇ ಹಾಕಿಸಿದ್ದಾಳೆ. ಅವಳ ಸಿಟ್ಟು ತಣ್ಣಗಾಗಿಲ್ಲ. ಆಗಬೇಕಾಗಿಯೂ ಇಲ್ಲ.

ಇದನ್ನು ಓದುತ್ತಿರುವ ಅಕ್ಕಾ, ಅಮ್ಮಾ, ಈಗ ನಿಮ್ಮ ಮಾತಿಗೆ ಬರೋಣ. ನಿಮ್ಮ ಹೆಸರು ಪಟ್ಟಿಯಲ್ಲಿ ಇದೆಯೋ ಇಲ್ಲವೋ, ಕಣ್ಣಾರೆ ನೋಡಿದ್ದೀರಾ? ಹೋದ ಸಲ ಓಟು ಹಾಕಿದ್ದೆ, ಈ ಸಲವೂ ಇರುತ್ತೆ ಅಂದುಕೊಂಡು ಕೂರಬೇಡಿ. ಗುರುತಿನ ಚೀಟಿ ಕೈಯಲ್ಲಿದ್ದರೆ ಹೆಸರು ಪಟ್ಟಿಯಲ್ಲಿದೆ ಅಂತ ಅರ್ಥವಲ್ಲ. ಮದುವೆಯಾಗಿದ್ದರೆ, ಮನೆ ಬದಲಿಸಿದ್ದರೆ, ಗಂಡನನ್ನು ಕಳೆದುಕೊಂಡಿದ್ದರೆ, ಹೆಸರಿನಲ್ಲಿ ಒಂದು ಅಕ್ಷರ ಹೆಚ್ಚುಕಡಿಮೆಯಾಗಿದ್ದರೆ, ಮೊದಲು ಹೋಗಿ ನೋಡಬೇಕಾದವರು ನೀವು. ಓಟಿನ ದಿನ ಬೆಳಿಗ್ಗೆ ನೋಡಿದರೆ ಅಳಬಹುದೇ ಹೊರತು ಸರಿಮಾಡಲಾಗದು. ಕರಡು ಪಟ್ಟಿ ಬಂದ ವಾರವೇ ಹೋಗಿ. ಒಬ್ಬರೇ ಹೋಗಬೇಡಿ, ಪಕ್ಕದ ಮನೆಯವಳನ್ನೂ ಎಬ್ಬಿಸಿಕೊಂಡು ಹೋಗಿ. ಅರ್ಜಿ ಕೊಟ್ಟರೆ ರಸೀದಿ ಕೇಳಿ. ಆಗುವುದಿಲ್ಲ ಅಂದರೆ ಯಾಕೆ ಅಂತ ಬರೆದುಕೊಡಿ ಅನ್ನಿ, ಬರೆಯಬೇಕಾಗಿ ಬಂದಾಗ ಎಷ್ಟೋ ಸುಳ್ಳುಗಳು ಬಾಯಿ ಮುಚ್ಚಿಕೊಳ್ಳುತ್ತವೆ.

ಅಣ್ಣಂದಿರೇ, ನಿಮಗೂ ಒಂದು ಮಾತು. ಓದದೆ ಸಹಿ ಹಾಕಬೇಡಿ. ಖಾಲಿ ಕಾಗದಕ್ಕಂತೂ ಹಾಕಲೇಬೇಡಿ. ಮನೆಯ ಹೆಂಗಸರ ಓಟು ನಿಮ್ಮ ಜೇಬಿನಲ್ಲಿರುವ ವಸ್ತುವಲ್ಲ, ಕೊಡುವುದಕ್ಕೂ ಬಿಡುವುದಕ್ಕೂ.

ಪಟ್ಟಿ ನಿಮ್ಮ ವಾರ್ಡಿನಲ್ಲೂ ಎಲ್ಲೋ ಒಂದು ಗೋಡೆಯ ಮೇಲೆ ಅಂಟಿರುತ್ತದೆ. ಈ ಕಾಗದವನ್ನು ಮಡಿಸಿಟ್ಟು ಎದ್ದು ಚಪ್ಪಲಿ ಮೆಟ್ಟಿಕೊಳ್ಳಿ. ನಾಳೆ ಅನ್ನಬೇಡಿ. ಇವತ್ತೇ ಹೋಗಿ ನೋಡಿ ಬನ್ನಿ.